ಮೂರನೆಯ ಪೀಪಾಯಿ

ಸಾನ್ ಫೆರ್ನಾಂಡೋದಲ್ಲಿ ಕ್ರಿಸ್ಮಸ್ಸಿಗೆ ವಾರ ಬಾಕಿ.
ಮಾವನ ಮದುವೆ ಸ್ಟುಡಿಯೋದಿಂದ ಎರವಲು ತಂದ ಕ್ಯಾಮೆರಾ,
ಅದರ ಪಟ್ಟಿಗೆ ಇನ್ನೂ ಯಾವಳೋ ಮದುಮಗಳ ಸೆಂಟಿನ ವಾಸನೆ.
"ರಾತ್ರಿ ಹೊತ್ತು ಇದಕ್ಕೆ ಮೆಳ್ಳಗಣ್ಣು" ಎಂದಿದ್ದ ಮಾವ,
"ಬೆಳಕು ಕಂಡರೆ ಗಾಬರಿ, ಕತ್ತಲು ಕಂಡರೆ ಇನ್ನೂ ಗಾಬರಿ."

ನಿಜ.
ಇಪ್ಪತ್ತಡಿ ಎತ್ತರದ ಲಾಂದ್ರ ಹೊತ್ತಿಕೊಂಡದ್ದೇ ತಡ
ಪುಟ್ಟ ಪರದೆಯಲ್ಲಿ ಕೆಂಪು ಬಿಳಿಯಾಯಿತು, ಹಸಿರು ಬಿಳಿಯಾಯಿತು,
ನವಿಲುಗರಿಯನ್ನು ಸುಣ್ಣದ ತೊಟ್ಟಿಯಲ್ಲಿ ಅದ್ದಿ ತೆಗೆದ ಹಾಗೆ.
ಬೆಳಕು ತಗ್ಗಿಸುವ ಗುಂಡಿ ಒತ್ತಿದೆ,
ಬಣ್ಣ ಮರಳಿತು, ಜನ ಹೋದರು.
ಏರಿಸಿದೆ, ಜನ ಬಂದರು, ಬಣ್ಣ ಹೋಯಿತು.
ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಈ ಯಂತ್ರ ಒಪ್ಪದು.

ಮುಂದಿನವರ ಹೆಗಲ ಮೇಲೆ ಮಕ್ಕಳು,
ಮಕ್ಕಳ ಕೈಯಲ್ಲಿ ಫೋನು,
ಫೋನಿನೊಳಗೆ ಬೆರಳುಗುರಿನಷ್ಟು ನಮ್ಮ ಬೀದಿಯ ಲಾಂದ್ರ.
ಫೋಕಸ್ಸು ನಾಯಿಮರಿ, ಹತ್ತಿರದವರನ್ನೆಲ್ಲ ಮೂಸಿ,
ದೂರಕ್ಕೆ ಓಡಿ, ಮತ್ತೆ ಯಾರದೋ ಕಿವಿಯ ಓಲೆಗೇ ಬಂತು.
ಸಾಕಾಗಿ ಹಗ್ಗದಡಿ ನುಸುಳಿ ಹಿಂಬದಿಗೆ ಹೋದೆ.

ಹಿಂಬದಿಯಲ್ಲಿ ಹಬ್ಬವಿರಲಿಲ್ಲ.
ಡೀಸೆಲ್ ಹೊಗೆ, ಜಡೆಯಷ್ಟು ದಪ್ಪ ತಂತಿಗಳು,
ಅರ್ಧ ಕಚ್ಚಿಟ್ಟ ಅಕ್ಕಿರೊಟ್ಟಿ, ಅದಕ್ಕೆ ಮುತ್ತಿದ ಇರುವೆ.
ಆರು ಪೀಪಾಯಿಗಳು ಅಡ್ಡಕ್ಕೆ ಮಲಗಿವೆ,
ಒಂದೊಂದಕ್ಕೂ ಲಾರಿಯ ಹಳೇ ಸ್ಟೀರಿಂಗು, ತಿರುಗಿಸಲೊಬ್ಬ ಗಂಡಸು.
ಮೂರನೆಯದರ ಮುಂದೆ ನನ್ನ ತಮ್ಮ ಕ್ರಿಸಾಂತೋ, ಬರೀ ಬನಿಯನ್ನಿನಲ್ಲಿ.

ತಗಡಿನ ಮೈತುಂಬ ಅಂಟುಕಾಗದದ ಪಟ್ಟಿ.
ಪಟ್ಟಿ ಇದ್ದಲ್ಲಿ ಕತ್ತಲು, ತಗಡು ಬರಿದಾದಲ್ಲಿ ಬೆಳಕು.
ಅದನ್ನು ಸವರುತ್ತ ಸಾಲಾಗಿ ನಿಂತ ಕೂದಲ ಪಿನ್ನುಗಳು,
ಪಿನ್ನಿಗೊಂದು ಹಿಡಿ ಬಲ್ಬು.
ಎರಡು ತಿಂಗಳು ಅಂಗಳದ ಬೆಂಚಿನಲ್ಲಿ ಕೂತು
ಆ ಪಟ್ಟಿ ಕತ್ತರಿಸಿ ಅಂಟಿಸಿದವಳು ನಮ್ಮಜ್ಜಿ, ಅಪು ಸಿದ್ರಾ.
ಇವತ್ತು ಬಾ ಎಂದರೆ ಬರಲಿಲ್ಲ.
"ಮಾಡಿದ ಅಡುಗೆಯನ್ನು ಎಷ್ಟು ಸಲ ರುಚಿ ನೋಡಲಿ?"

ಕ್ರಿಸಾಂತೋ ತಾನು ಹೊತ್ತಿಸಿದ್ದನ್ನು ಒಮ್ಮೆಯೂ ನೋಡಲಿಲ್ಲ.
ಅವನ ಕಣ್ಣು ತಾಳ ಕೊಡುವವನ ಕೈಮೇಲೆ.
ನಾನು ಪೀಪಾಯಿಗೆ ಒತ್ತಿ ನಿಂತು ಹಿಡಿದದ್ದು ಅವನ ಕುತ್ತಿಗೆಯನ್ನು.
ಬೆವರಿನ ಮೇಲೆ ಒಮ್ಮೆ ನೀಲಿ, ಒಮ್ಮೆ ಕಿತ್ತಳೆ.
ಹನ್ನೊಂದು ನಿಮಿಷ. ಆಮೇಲೆ ಬ್ಯಾಟರಿ ಸತ್ತಿತು.

ಮರುದಿನ ಟೀವಿಯ ಮುಂದೆ ಮನೆಮಂದಿಯೆಲ್ಲ ಕೂತರು.
"ಇದೇನೇ, ಲಾಂದ್ರ ಎಲ್ಲಿ?" ಅಮ್ಮ.
"ಇವನ ಕುತ್ತಿಗೆ ನೋಡಲು ನನ್ನ ಕ್ಯಾಮೆರಾ ಬೇಕಿತ್ತೇ?" ಮಾವ.
ಒಬ್ಬೊಬ್ಬರಿಗೂ ಒಂದೊಂದು ಕೆಲಸ ನೆನಪಾಯಿತು.
ಅಪು ಸಿದ್ರಾ ಮಾತ್ರ ಉಳಿದಳು. ಅವಳೂ ನೋಡುತ್ತಿರಲಿಲ್ಲ,
ಪರದೆಗೆ ಬೆನ್ನು ಕೊಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಜನರೇಟರಿನ ಗೊರಗೊರ. ಅದರಡಿಯಲ್ಲಿ
ಪಿನ್ನು ತಗಡನ್ನು ಉಜ್ಜುವ ಸದ್ದು, ಟಿಕ್, ಟಿಕ್ಕಿಟಿಕ್, ಸರ್ರ್.
"ಕೆಂಪು" ಎಂದಳು, ಎಸಳಿನ ಸಿಪ್ಪೆ ಬಿಡಿಸುತ್ತ.
"ಈಗ ಹೊರಗಿನ ಬಳೆ. ಈಗ ಹಳದಿ, ಒಳಮುಖವಾಗಿ.
ಈಗ ಪೂರ್ತಿ ಕತ್ತಲು. ತಡಿ, ಜನ ಹೋ ಎನ್ನಬೇಕು."
ಜನ ಹೋ ಎಂದರು.

ನಾನು ಪರದೆ ಬಿಟ್ಟು ಅವಳ ಬೆರಳು ನೋಡತೊಡಗಿದೆ.
ಒಂದು ಕಡೆ ಬೆರಳು ನಿಂತವು.
"ಹಿಂದಕ್ಕೆ ಹಾಕು." ಹಾಕಿದೆ.
"ಇನ್ನೊಮ್ಮೆ."
ಬೆಳ್ಳುಳ್ಳಿಯ ಎಸಳು ಕಿವಿಯ ಹತ್ತಿರವೇ ಉಳಿದಿತ್ತು.
"ಹಸಿರು ಒಂದು ಹೆಜ್ಜೆ ತಡ. ಅಲ್ಲೊಂದು ಪಿನ್ನು ಬಾಗಿದೆ.
ತಪ್ಪು ಅವನದಲ್ಲ. ಅವನಿಗೆ ಹೇಳು, ಬೈಗುಳ ತಿಂದು ಬಂದಿದ್ದಾನೆ."

ಆಮೇಲೆ ಲಂಗಕ್ಕೆ ಕೈಯೊರೆಸಿ
ತನ್ನ ಮುಡಿಯಿಂದೊಂದು ಪಿನ್ನು ಎಳೆದು,
ಹಲ್ಲಿನಲ್ಲಿ ಕಚ್ಚಿ ನೇರ ಮಾಡಿ, ಮೇಜಿನ ಮೇಲಿಟ್ಟಳು.
ಜಾರಿದ ಬಿಳಿಕೂದಲನ್ನು ಕಿವಿಯ ಹಿಂದಕ್ಕೆ ತೂರಿಸಿ
ಉಳಿದ ಗಡ್ಡೆಗೆ ಕೈ ಹಾಕಿದಳು.